ಬಿಸಿಲಿಗೆ ಮೈಯೊಡ್ಡಿದವರು

ಕರ್ನಾಟಕದ ಪಶ್ಚಿಮದ ಅಂಚಿನಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಹಬ್ಬಿರುವ ಕಡಲತೀರವು ಸಾವಿರಾರು ಕುಟುಂಬಗಳಿಗೆ ಅನ್ನವನ್ನು ನೀಡುವ ತಾಣ. ಮೂಡಣದಲ್ಲಿ ಬೆಳಕು ಹರಿಯುವ ಮುನ್ನವೇ ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ ಮೊದಲಾದ ಬಂದರುಗಳಲ್ಲಿ ದುಡಿಮೆ ಆರಂಭವಾಗುತ್ತದೆ. ನಾಡದೋಣಿಗಳು ಅಳಿವೆಯ ಅಲೆಗಳನ್ನು ಸೀಳಿಕೊಂಡು ತೆರೆದ ಕಡಲಿಗೆ ಸಾಗುತ್ತವೆ. ಕೆಲವೆಡೆ ದಂಡೆಯಲ್ಲಿಯೇ ಎರಡು ಸಾಲುಗಳಾಗಿ ನಿಂತ ಜನರು ಹಗ್ಗ ಹಿಡಿದು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಾರೆ. ಸಿಕ್ಕಿದ ಬಂಗುಡೆ, ಬೂತಾಯಿಗಳನ್ನು ಬೇರ್ಪಡಿಸಿ ಬುಟ್ಟಿಗೆ ತುಂಬುವುದು, ಉಳಿದುದನ್ನು ಮರಳಿನ ಮೇಲೆ ಹರವಿ ಒಣಗಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿನಲ್ಲಿ ಬಾಗಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ.

ಇವರ ಬದುಕಿಗೆ ಅಪಾಯಗಳು ಹೊಸವಲ್ಲ. ಬಿರುಗಾಳಿ, ಭಾರಿ ಅಲೆ, ಅಳಿವೆಯ ಸುಳಿ ಇವುಗಳನ್ನು ಅವರು ಬಾಲ್ಯದಿಂದಲೇ ಅರಿತಿರುತ್ತಾರೆ. ಅವುಗಳ ಸುಳಿವು ಕಂಡೊಡನೆ ಎಚ್ಚರವಾಗುತ್ತಾರೆ. ಆದರೆ ದಿನದಿನವೂ ನೆತ್ತಿಯ ಮೇಲೆಯೇ ಇದ್ದು, ಸದ್ದಿಲ್ಲದೆ ಹಾನಿ ಮಾಡುವ ಇನ್ನೊಂದು ಅಪಾಯವನ್ನು ಅಪಾಯವೆಂದು ಎಣಿಸುವವರು ವಿರಳ. ಅದು ಬಿಸಿಲು.

ದೋಣಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬನ ಮೊದಲ ದಿನವನ್ನು ಊಹಿಸಿಕೊಳ್ಳಬಹುದು. ಕಡಲಿನ ಮೇಲೆ ಗಾಳಿ ತಂಪಾಗಿ ಬೀಸುತ್ತಿದೆ. ಅಂಗಿ ಒದ್ದೆಯಾಯಿತೆಂದು ಅವನು ಅದನ್ನು ಕಳಚಿ ಬದಿಗಿಡುತ್ತಾನೆ. “ಗಾಳಿ ತಂಪೆಂದು ನಂಬಬೇಡ ಮಗಾ, ಅಂಗಿ ಹಾಕಿಕೋ” ಎಂದು ದೋಣಿಯ ಹಿರಿಯರು ಹೇಳುತ್ತಾರೆ. “ಸೆಕೆಯೇ ಇಲ್ಲವಲ್ಲ, ಅಜ್ಜಾ” ಎಂದು ಹುಡುಗ ನಗುತ್ತಾನೆ. ಮಧ್ಯಾಹ್ನ ದಡ ಸೇರುವಾಗಲೂ ಅವನಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಸಂಜೆಯಾಗುತ್ತಲೇ ಬೆನ್ನು ಉರಿಯತೊಡಗುತ್ತದೆ; ರಾತ್ರಿ ಚಾಪೆಗೆ ಬೆನ್ನು ತಾಗಿಸಲಾಗುವುದಿಲ್ಲ. ಕೆಲವು ದಿನಗಳ ತರುವಾಯ ಹೆಗಲಿನ ಚರ್ಮವು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹುಡುಗನ ಮಾತೂ ಸುಳ್ಳಲ್ಲ, ಹಿರಿಯರ ಮಾತೂ ಸುಳ್ಳಲ್ಲ. ಸೆಕೆ ಇಲ್ಲದಿದ್ದರೂ ಬಿಸಿಲು ಸುಟ್ಟಿತು. ಇದು ಹೇಗೆ ಸಾಧ್ಯ?

ಸೂರ್ಯನಿಂದ ಭೂಮಿಗೆ ಬರುವ ಕಿರಣಗಳೆಲ್ಲವೂ ಒಂದೇ ಬಗೆಯವಲ್ಲ. ಕಣ್ಣಿಗೆ ಕಾಣುವ ಬೆಳಕು ಒಂದು ಬಗೆ. ಮೈಗೆ ಬೆಚ್ಚಗೆ ತಾಗುವ ಅವಕೆಂಪು ಕಿರಣಗಳು ಮತ್ತೊಂದು ಬಗೆ. ಕಾಮನಬಿಲ್ಲಿನ ನೇರಳೆ ಬಣ್ಣದಿಂದಾಚೆಗೆ, ಕಣ್ಣಿಗೂ ಕಾಣದ ಮೈಗೂ ಬಿಸಿಯೆನಿಸದ ಮೂರನೆಯ ಬಗೆಯ ಕಿರಣಗಳಿವೆ. ಜರ್ಮನಿಯ ವಿಜ್ಞಾನಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ 1801 ರಲ್ಲಿ ಇವುಗಳನ್ನು ಕಂಡುಹಿಡಿದನು. ಬೆಳ್ಳಿಯ ಕ್ಲೋರೈಡನ್ನು ಬೆಳಕಿನ ಬಣ್ಣಗಳಿಗೆ ಒಡ್ಡಿದಾಗ, ನೇರಳೆ ಬಣ್ಣವು ಮುಗಿದು ಕತ್ತಲೆಯಾಗಿ ಕಾಣುವ ಎಡೆಯಲ್ಲಿಯೇ ಅದು ಹೆಚ್ಚು ಬೇಗ ಕಪ್ಪಾದುದನ್ನು ಅವನು ಗಮನಿಸಿದನು. ಆ ಕಾಣದ ಕಿರಣಗಳನ್ನು ಅತಿನೇರಳೆ ಕಿರಣಗಳೆಂದು ಕರೆಯುತ್ತಾರೆ. ಹುಡುಗನ ಬೆನ್ನನ್ನು ಸುಟ್ಟವು ಇವೇ. ಕಡಲ ಗಾಳಿಯು ಮೈಯ ಬಿಸಿಯನ್ನು ಕಳೆಯಬಲ್ಲದು. ಅತಿನೇರಳೆ ಕಿರಣಗಳನ್ನು ತಡೆಯಲಾರದು. ಆದುದರಿಂದ ಸೆಕೆಯನ್ನು ನೋಡಿ ಬಿಸಿಲಿನ ಅಪಾಯವನ್ನು ಅಳೆಯುವುದು ಸರಿಯಾದ ಕ್ರಮವಲ್ಲ.

ಅತಿನೇರಳೆ ಕಿರಣಗಳಲ್ಲಿ ಎ, ಬಿ, ಸಿ ಎಂದು ಮೂರು ವಿಧಗಳಿವೆ. ಸಿ ಕಿರಣಗಳು ಅತ್ಯಂತ ತೀಕ್ಷ್ಣವಾದವು. ಆದರೆ ವಾಯುಮಂಡಲದ ಮೇಲ್ಭಾಗದಲ್ಲಿರುವ ಓಜೋನ್ ಮತ್ತು ಆಮ್ಲಜನಕಗಳು ಅವುಗಳನ್ನು ಪೂರ್ಣವಾಗಿ ಹೀರಿಕೊಳ್ಳುತ್ತವೆ. ಬಿ ಕಿರಣಗಳ ಬಹುಭಾಗವೂ ಅಲ್ಲಿಯೇ ತಡೆಯಲ್ಪಟ್ಟು ಸ್ವಲ್ಪಭಾಗ ಮಾತ್ರ ನೆಲವನ್ನು ಮುಟ್ಟುತ್ತದೆ. ಚರ್ಮದ ಸುಡುವಿಕೆಗೆ ಮುಖ್ಯ ಕಾರಣ ಈ ಸ್ವಲ್ಪಭಾಗವೇ. ಎ ಕಿರಣಗಳು ಹೆಚ್ಚಿನ ತಡೆಯಿಲ್ಲದೆ ಬಂದು ಚರ್ಮದ ಒಳಪದರವನ್ನು ತಲಪುತ್ತವೆ. ಅಲ್ಲಿ ಚರ್ಮಕ್ಕೆ ಬಿಗಿಯನ್ನು ಕೊಡುವ ನಾರುಗಳನ್ನು ಕ್ರಮೇಣ ಶಿಥಿಲಗೊಳಿಸುತ್ತವೆ. ಬಿಸಿಲಿನಲ್ಲಿ ದುಡಿದವರ ಕುತ್ತಿಗೆಯ ಹಿಂಭಾಗದಲ್ಲಿ ಆಳವಾದ ಸುಕ್ಕುಗಳು ಬೇಗನೆ ಮೂಡುವುದಕ್ಕೆ ಇದೇ ಕಾರಣ.

ಮನುಷ್ಯನ ಚರ್ಮವು ಈ ದಾಳಿಯನ್ನು ಸುಮ್ಮನೆ ಸಹಿಸಿಕೊಳ್ಳುವುದಿಲ್ಲ. ಹೊರಚರ್ಮದ ತಳದಲ್ಲಿ ವರ್ಣಕೋಶಗಳಿವೆ. ಅವು ಮೆಲನಿನ್ ಎಂಬ ಕಂದುಬಣ್ಣದ ವಸ್ತುವನ್ನು ತಯಾರಿಸಿ ಸುತ್ತಲಿನ ಜೀವಕೋಶಗಳಿಗೆ ಹಂಚುತ್ತವೆ. ಪ್ರತಿಯೊಂದು ಜೀವಕೋಶದ ಕೇಂದ್ರದ ಮೇಲೆ ಮೆಲನಿನ್ ಒಂದು ಪುಟ್ಟ ಕೊಡೆಯಂತೆ ಕವಿದುಕೊಂಡು ಕಿರಣಗಳನ್ನು ಹೀರಿಕೊಳ್ಳುತ್ತದೆ. ಬಿಸಿಲಿಗೆ ಹೋದವರ ಮೈ ಕಪ್ಪಾಗುವುದು ಈ ರಕ್ಷಣೆಯ ಪ್ರಯತ್ನದಿಂದಲೇ. ಬಿಳಿಯರಲ್ಲಿಯೂ ಕರಿಯರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿದೆ. ಆದಕಾರಣ ಮೈಬಣ್ಣವು ಮೇಲುಕೀಳಿನ ಗುರುತಲ್ಲ, ಸೂರ್ಯನೊಡನೆ ಮಾನವಕುಲವು ಮಾಡಿಕೊಂಡ ಹೊಂದಾಣಿಕೆಯ ಗುರುತು.

ಮೆಲನಿನ್ ತಡೆಯದೆ ಬಿಟ್ಟ ಕಿರಣಗಳು ಜೀವಕೋಶದೊಳಗೆ ಹೊಕ್ಕು, ಅದರ ಕೆಲಸಕಾರ್ಯಗಳ ಸೂಚನೆಗಳನ್ನು ಹೊತ್ತಿರುವ ಡಿಎನ್‌ಎ ಎಂಬ ಎಳೆಯನ್ನು ಕೆಡಿಸುತ್ತವೆ. ಕೆಟ್ಟುದನ್ನು ಸರಿಪಡಿಸುವ ವ್ಯವಸ್ಥೆಯೂ ಜೀವಕೋಶದಲ್ಲಿಯೇ ಇದೆ. ಹಾನಿ ಮಿತಿಮೀರಿದಾಗ ಆ ಕೋಶಗಳು ಸಾಯುತ್ತವೆ. ಉರಿ ಊತಗಳು ಕೆಲವು ಗಂಟೆಗಳ ಅನಂತರ ಕಾಣಿಸಿಕೊಂಡು, ಒಂದು ದಿನದೊಳಗಾಗಿ ಹೆಚ್ಚುತ್ತವೆ. ಈ ವಿಳಂಬವೇ ಜನರನ್ನು ಮೋಸಗೊಳಿಸುತ್ತದೆ. ಎಚ್ಚರಿಕೆಯ ನೋವು ಬರುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಸರಿಪಡಿಸಲಾಗದೆ ಉಳಿದ ಸಣ್ಣ ಸಣ್ಣ ದೋಷಗಳು ವರ್ಷಾನುಗಟ್ಟಲೆ ಕೂಡುತ್ತ ಹೋಗುವುದು. ಹನಿಹನಿ ಕೂಡಿ ಹಳ್ಳವಾಗುವಂತೆ, ಇವು ಕೂಡಿ ಹಲವು ದಶಕಗಳ ಬಳಿಕ ಚರ್ಮದ ಕ್ಯಾನ್ಸರಿಗೆ ದಾರಿಯಾಗಬಹುದು.

ಈ ಸತ್ಯವನ್ನು ಮೊದಲಿಗೆ ತೋರಿಸಿಕೊಟ್ಟವರಲ್ಲಿ ಕಡಲಿನ ದುಡಿಮೆಗಾರರೂ ಸೇರಿದ್ದಾರೆಂಬುದು ಗಮನಾರ್ಹ. ಜರ್ಮನಿಯ ಹ್ಯಾಂಬರ್ಗ್ ಬಂದರಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ ಅನೇಕ ನಾವಿಕರನ್ನು ಪರೀಕ್ಷಿಸಿದ್ದನು. ಅವರ ಮುಖದ ಮತ್ತು ಕೈಗಳ ಚರ್ಮವು ಒರಟಾಗಿ, ಬಣ್ಣಗೆಟ್ಟು, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗಿದ್ದುದನ್ನು 1894 ರಲ್ಲಿ ವರ್ಣಿಸಿ, ಅದಕ್ಕೆ ‘ನಾವಿಕನ ಚರ್ಮ’ ಎಂದು ಹೆಸರಿಟ್ಟನು. ಅನಂತರ ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿಗಳನ್ನು ಹಿಡಿದು ಬಾಳುವ 838 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಪ್ರತಿಯೊಬ್ಬನೂ ಜೀವಮಾನದಲ್ಲಿ ಎಷ್ಟು ಕಾಲ ಬಿಸಿಲಿನಲ್ಲಿದ್ದನು, ಟೋಪಿ ಕನ್ನಡಕಗಳನ್ನು ಧರಿಸುತ್ತಿದ್ದನೇ ಎಂಬುದನ್ನೆಲ್ಲ ಕೇಳಿ ಲೆಕ್ಕಹಾಕಿದರು. ಹೆಚ್ಚು ಬಿ ಕಿರಣಗಳಿಗೆ ಕಣ್ಣೊಡ್ಡಿದವರಲ್ಲಿ ಒಂದು ಬಗೆಯ ಕಣ್ಣಿನ ಪೊರೆಯು ಹೆಚ್ಚಾಗಿತ್ತೆಂದು 1988 ರಲ್ಲಿ ಪ್ರಕಟಿಸಿದರು. ಅಂಥ ದುಡಿಮೆಗಾರರ ಚರ್ಮದ ಪರೀಕ್ಷೆಯ ಫಲವು 1990 ರಲ್ಲಿ ಹೊರಬಂದು, ಒಂದು ಬಗೆಯ ಚರ್ಮದ ಕ್ಯಾನ್ಸರಿಗೂ ಕೂಡುತ್ತ ಬಂದ ಬಿಸಿಲಿಗೂ ಇರುವ ನಂಟನ್ನು ತಿಳಿಸಿತು.

ಇವೆಲ್ಲ ಬಿಳಿಯರ ದೇಶಗಳ ಸಂಗತಿಗಳು, ಕಂದು ಮೈಯ ಭಾರತೀಯರಿಗೆ ಇದರಿಂದ ಭಯವಿಲ್ಲವೆಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮೆಲನಿನ್ ಹೆಚ್ಚಾಗಿರುವ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಲ್ಲಿರುವುದಕ್ಕಿಂತ ಬಹಳ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಚರ್ಮವು ಸುಡುವುದು, ಸುಕ್ಕುಗಟ್ಟುವುದು, ಕೆನ್ನೆಯ ಮೇಲಿನ ಬಂಗು ಹೆಚ್ಚುವುದು ಎಲ್ಲ ಬಣ್ಣದವರಿಗೂ ತಪ್ಪಿದ್ದಲ್ಲ. ಕಂದು ಚರ್ಮದ ಮೇಲೆ ಸುಡುವಿಕೆಯ ಕೆಂಪು ಎದ್ದು ಕಾಣದಿರುವುದರಿಂದ ಅದು ಗಮನಕ್ಕೆ ಬಾರದೆಯೂ ಹೋಗಬಹುದು. ತೊನ್ನು ಇರುವವರ ಬಿಳಿಯ ಮಚ್ಚೆಗಳಲ್ಲಿ ಮೆಲನಿನ್ ಇರುವುದಿಲ್ಲವಾದ್ದರಿಂದ ಅವು ಬೇಗನೆ ಸುಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಚರ್ಮದ ಬಣ್ಣವು ಕಣ್ಣನ್ನು ಕಾಯುವುದಿಲ್ಲ. ಬಲೆಯ ಕಣ್ಣುಗಳನ್ನು ಹೆಣೆಯುವವನಿಗೆ, ದೂರದ ನೀರಿನಲ್ಲಿ ಮೀನಿನ ಹಿಂಡನ್ನು ಗುರುತಿಸುವವನಿಗೆ ದೃಷ್ಟಿಯೇ ಬಂಡವಾಳ. ಅದು ಮಂಜಾದರೆ ಆ ಮನೆಯ ಅನ್ನಕ್ಕೇ ಸಂಚಕಾರ.

ಭೂಮಿಯ ಮೇಲಿನ ಬಿಸಿಲಿಗಿಂತ ಕಡಲಿನ ಬಿಸಿಲು ಏಕೆ ಕಠಿಣ? ಹೊಲದಲ್ಲಿ ದುಡಿಯುವವನಿಗೆ ಮರದ ನೆರಳಾದರೂ ಸಿಕ್ಕೀತು. ನಾಡದೋಣಿಯಲ್ಲಿ ಅದೂ ಇಲ್ಲ. ಕಿರಣಗಳು ನೇರವಾಗಿ ಸೂರ್ಯನಿಂದ ಮಾತ್ರವಲ್ಲದೆ, ಗಾಳಿಯಲ್ಲಿ ಚದುರಿ ಆಕಾಶದ ಎಲ್ಲ ಕಡೆಗಳಿಂದಲೂ ಬರುತ್ತವೆ. ಕೆಳಗಿನಿಂದಲೂ ಒಂದಿಷ್ಟು ಹಿಂತಿರುಗುತ್ತವೆ. ಶಾಂತವಾದ ನೀರು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಭಾಗವನ್ನು ಪ್ರತಿಫಲಿಸುತ್ತದೆ; ಒಣಮರಳು ಸುಮಾರು ಶೇಕಡಾ 15 ರಷ್ಟನ್ನು, ಕಡಲ ನೊರೆ ಸುಮಾರು ಶೇಕಡಾ 25 ರಷ್ಟನ್ನು ಪ್ರತಿಫಲಿಸುತ್ತವೆ. ದಂಡೆಯಲ್ಲಿ ನಿಂತು ಬಲೆ ಎಳೆಯುವವನ ಗಲ್ಲದ ಕೆಳಭಾಗವೂ ಸುಡುವುದು ಇದರಿಂದಲೇ. ನೀರಿನೊಳಗೆ ಅರ್ಧ ಮೀಟರು ಆಳದಲ್ಲಿಯೂ ಮೇಲಿನ ಕಿರಣಗಳ ಶೇಕಡಾ 40 ರಷ್ಟು ಇರುತ್ತವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ತೆಳುಮೋಡಗಳೂ ಅವುಗಳ ಬಹುಭಾಗವನ್ನು ಒಳಬಿಡುತ್ತವೆ. ಆದುದರಿಂದ ಮೋಡ ಕವಿದಿದೆಯೆಂದಾಗಲಿ, ನೀರಿನಲ್ಲಿ ನಿಂತಿದ್ದೇನೆಂದಾಗಲಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಋತುವೂ ಹೊತ್ತೂ ಗಮನಿಸಬೇಕಾದ ವಿಷಯಗಳು. ಕರ್ನಾಟಕದ ಕರಾವಳಿಯಲ್ಲಿ ಸೂರ್ಯನು ವರ್ಷಕ್ಕೆರಡು ಬಾರಿ, ಏಪ್ರಿಲ್ ಕೊನೆಯ ಸುಮಾರಿಗೆ ಮತ್ತು ಆಗಸ್ಟ್ ನಡುಭಾಗದ ಸುಮಾರಿಗೆ, ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಇಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ ನಿಷೇಧವಿದೆ. ಹೀಗಾಗಿ ಸೂರ್ಯನು ನೆತ್ತಿಗೇರುವ ಆ ಎರಡು ಕಾಲಗಳೂ ಮೀನುಗಾರಿಕೆಯ ದಿನಗಳಲ್ಲಿಯೇ ಬೀಳುತ್ತವೆ. ಒಂದು ದಿನದ ಬಿ ಕಿರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ನಡುಹಗಲಿನ ನಾಲ್ಕು ಗಂಟೆಗಳಲ್ಲಿಯೇ ಭೂಮಿಯನ್ನು ತಲಪುತ್ತದೆ. ಭಾರತದ ಗಡಿಯಾರವು ಪೂರ್ವದ ರೇಖಾಂಶವೊಂದನ್ನು ಅನುಸರಿಸುವುದರಿಂದ ಮಂಗಳೂರಿನಲ್ಲಿ ನಿಜವಾದ ನಡುಹಗಲು ಸುಮಾರು ಹನ್ನೆರಡೂವರೆಗೆ ಬರುತ್ತದೆ. ಅಂದರೆ ಹತ್ತೂವರೆಯಿಂದ ಎರಡೂವರೆಯವರೆಗಿನ ಅವಧಿ ಅಲ್ಲಿ ಹೆಚ್ಚು ಅಪಾಯದ್ದು. ಗಡಿಯಾರವಿಲ್ಲದವರಿಗೂ ಒಂದು ಸುಲಭವಾದ ಅಳತೆಯಿದೆ. ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆಯೆಂದು ತಿಳಿಯಬೇಕು.

ಆ ಹೊತ್ತಿನಲ್ಲಿ ಬಿಸಿಲಿಗೆ ಹೋಗಬಾರದೆಂದು ಹೇಳುವುದು ಸುಲಭ. ಮೀನುಗಾರನಿಗೆ ಅದನ್ನು ಪಾಲಿಸುವುದು ಕಷ್ಟ. ಮೀನಿನ ಹಿಂಡು ಗಡಿಯಾರವನ್ನು ನೋಡಿ ಬರುವುದಿಲ್ಲ. ಕಡಲಿನ ಇಳಿತವು ದಿನಕ್ಕೆ ಸುಮಾರು ಐವತ್ತು ನಿಮಿಷಗಳಷ್ಟು ತಡವಾಗುತ್ತ ಹೋಗುವುದರಿಂದ, ಬಳಚು ಆಯುವ ಹೆಂಗಸು ಕೆಲವು ದಿನ ಮುಂಜಾನೆ, ಕೆಲವು ದಿನ ಉರಿಬಿಸಿಲಿನಲ್ಲಿಯೇ ನೀರಿಗಿಳಿಯಬೇಕಾಗುತ್ತದೆ. ಹೊತ್ತನ್ನು ಆಯ್ದುಕೊಳ್ಳಲಾಗದವರಿಗೆ ಉಳಿದಿರುವುದು ಮೈಯನ್ನು ಮುಚ್ಚಿಕೊಳ್ಳುವ ಉಪಾಯ.

ಈ ಉಪಾಯವನ್ನು ಬಿಸಿಲಿನ ನಾಡಿನ ಜನರು ಬಹುಕಾಲದಿಂದ ಬಲ್ಲರು. ಕರಾವಳಿಯ ದುಡಿಯುವ ಜನರು ಅಡಕೆಯ ಹಾಳೆಯಿಂದ ಮುಟ್ಟಾಳೆಯನ್ನು ಮಾಡಿ ತಲೆಗೆ ಧರಿಸುತ್ತಾರೆ. ಕೇರಳದಲ್ಲಿ ಓಲೆಯಿಂದ ಹೆಣೆದ ಅಗಲವಾದ ತೊಪ್ಪಿಕುಡೆಯು ಬಳಕೆಯಲ್ಲಿತ್ತು. ಮಯನ್ಮಾರಿನ ಹೆಂಗಸರು ತನಾಕಾ ಎಂಬ ಮರದ ತೊಗಟೆಯನ್ನು ತೇಯ್ದು ಮುಖಕ್ಕೆ ಲೇಪಿಸಿಕೊಳ್ಳುತ್ತಾರೆ. ಆಗ್ನೇಯ ಏಷ್ಯದ ಕಡಲಲ್ಲಿ ಬಾಳುವ ಬಜಾವ್ ಜನರ ಹೆಂಗಸರು ಅಕ್ಕಿಯನ್ನು ಅರೆದು ಮಾಡಿದ ಲೇಪವನ್ನು ಬಳಸುತ್ತಾರೆ. ಹಿರಿಯರ ಈ ಕ್ರಮಗಳನ್ನು ಗೌರವಿಸುವುದರೊಡನೆ ಅವುಗಳ ಮಿತಿಯನ್ನೂ ಅರಿಯಬೇಕು. ಮುಟ್ಟಾಳೆಯು ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ. ಆದರೆ ಅದಕ್ಕೆ ಅಗಲವಾದ ಅಂಚಿಲ್ಲದ ಕಾರಣ ಮೂಗು, ಕಿವಿ, ಕುತ್ತಿಗೆಗಳಿಗೆ ನೆರಳು ಸಿಗುವುದಿಲ್ಲ. ಸುತ್ತಲೂ ಮೂರು ಅಂಗುಲದಷ್ಟಾದರೂ ಅಂಚಿರುವ ಟೋಪಿ ಉತ್ತಮ. ಗಾಳಿಗೆ ಹಾರದಂತೆ ಅದಕ್ಕೆ ಗಲ್ಲದ ಕೆಳಗೆ ಕಟ್ಟುವ ದಾರವಿರಬೇಕು. ಟೋಪಿಯಿಲ್ಲದವರು ಬೈರಾಸನ್ನು ತಲೆಗೆ ಸುತ್ತಿ, ಅದರ ತುದಿಯನ್ನು ಕಿವಿ ಕುತ್ತಿಗೆಗಳ ಮೇಲೆ ಇಳಿಬಿಟ್ಟರೂ ಸಾಕಷ್ಟು ಪ್ರಯೋಜನವಾಗುತ್ತದೆ.

ರಕ್ಷಣೆಯ ಸಾಧನಗಳಲ್ಲಿ ಬಟ್ಟೆಯೇ ಮುಖ್ಯವಾದುದು. ಒಮ್ಮೆ ಕೊಂಡರೆ ಬಹುಕಾಲ ಬರುತ್ತದೆ, ಬೆವರಿಗೆ ಅಳಿಸಿಹೋಗುವುದಿಲ್ಲ. ಆದರೆ ಎಲ್ಲ ಬಟ್ಟೆಯೂ ಒಂದೇ ಸಮನಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಎಳೆಗಳ ನಡುವೆ ಬೆಳಕು ಕಂಡರೆ, ಅಲ್ಲಿಂದ ಅತಿನೇರಳೆ ಕಿರಣಗಳೂ ನುಸುಳುತ್ತವೆ. ತೆಳುವಾದ ಬಿಳಿಯ ಹತ್ತಿಯ ಬನಿಯನ್ನು ಒದ್ದೆಯಾದರೆ ಅದರ ರಕ್ಷಣೆ ಇನ್ನಷ್ಟು ಕುಗ್ಗುತ್ತದೆ. ಒತ್ತಾಗಿ ನೇಯ್ದ, ಸಡಿಲವಾಗಿ ಹೊಲಿದ, ತುಂಬುತೋಳಿನ, ಕಾಲರುಳ್ಳ ಅಂಗಿ ಕಡಲಿನ ಕೆಲಸಕ್ಕೆ ತಕ್ಕುದು. ಒಂದೇ ಬಗೆಯ ನೇಯ್ಗೆಯಲ್ಲಿ ಗಾಢಬಣ್ಣದ ಬಟ್ಟೆ ತಿಳಿಬಣ್ಣದ್ದಕ್ಕಿಂತ ಹೆಚ್ಚು ಕಿರಣಗಳನ್ನು ತಡೆಯುತ್ತದೆ. ಸೀರೆಯುಟ್ಟು ದುಡಿಯುವ ಹೆಂಗಸರು ಅದರ ಮೇಲೆ ತುಂಬುತೋಳಿನ ಅಂಗಿಯನ್ನು ತೊಡುವುದು ಅನೇಕ ಊರುಗಳಲ್ಲಿ ಕಂಡುಬರುತ್ತದೆ. ಅದು ವಿವೇಕದ ಪದ್ಧತಿ.

ಬಟ್ಟೆ ಮುಚ್ಚದೆ ಬಿಟ್ಟ ಭಾಗಗಳಿಗೆ, ಅಂದರೆ ಮೂಗು, ಕೆನ್ನೆ, ಕೆಳತುಟಿ, ಕೈಗಳ ಮತ್ತು ಪಾದಗಳ ಮೇಲ್ಭಾಗಗಳಿಗೆ, ಬಿಸಿಲುತಡೆ ಲೇಪವನ್ನು ಹಚ್ಚಬಹುದು. ಅದರ ಡಬ್ಬಿಯ ಮೇಲೆ ರಕ್ಷಣೆಯ ಅಂಕವನ್ನು ಮುದ್ರಿಸಿರುತ್ತಾರೆ. 15 ಅಂಕದ ಲೇಪವು ಸುಡುವ ಕಿರಣಗಳಲ್ಲಿ ಶೇಕಡಾ 93 ರಷ್ಟನ್ನೂ 30 ಅಂಕದ್ದು ಶೇಕಡಾ 97 ರಷ್ಟನ್ನೂ ತಡೆಯುತ್ತದೆ. ಅಂಕವು ಇಮ್ಮಡಿಯಾದರೂ ರಕ್ಷಣೆಯಲ್ಲಿ ಬರುವ ಹೆಚ್ಚಳ ಸ್ವಲ್ಪವೇ. ಜಿಪುಣತನದಿಂದ ತೆಳುವಾಗಿ ಹಚ್ಚಿದರೆ ಈ ಫಲ ದೊರೆಯದು. ನೀರು ಬೆವರುಗಳಿಗೆ ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಇದು ಖರ್ಚಿನ ಬಾಬತ್ತು. ಆದುದರಿಂದ ಬಟ್ಟೆ ಟೋಪಿಗಳಿಗೆ ಮೊದಲ ಸ್ಥಾನ, ಲೇಪಕ್ಕೆ ಎರಡನೆಯ ಸ್ಥಾನ. ಕರಾವಳಿಯ ಮನೆಮನೆಯಲ್ಲಿರುವ ತೆಂಗಿನೆಣ್ಣೆಯು ಚರ್ಮ ಒಣಗದಂತೆ ಕಾಪಾಡುವುದು ನಿಜ. ಆದರೆ ಅತಿನೇರಳೆ ಕಿರಣಗಳನ್ನು ತಡೆಯುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಅದನ್ನೇ ನಂಬಿ ಮೈಬಿಡುವುದು ತರವಲ್ಲ. ಕಣ್ಣಿಗೆ ಅತಿನೇರಳೆ ಕಿರಣಗಳನ್ನು ತಡೆಯುವುದೆಂದು ನಮೂದಿಸಿರುವ, ಪಕ್ಕಗಳನ್ನೂ ಮುಚ್ಚುವ ಕನ್ನಡಕ ಬೇಕು. ಬರಿಯ ಕಪ್ಪುಗಾಜು ಬೆಳಕನ್ನು ಕುಗ್ಗಿಸುತ್ತದೆಯೇ ಹೊರತು ಈ ಕಿರಣಗಳನ್ನು ತಡೆಯುತ್ತದೆಂಬ ಭರವಸೆಯಿಲ್ಲ.

ಇಷ್ಟಾದರೂ ಚರ್ಮ ಸುಟ್ಟರೆ ಮೊದಲು ನೆರಳಿಗೆ ಬರಬೇಕು. ಸುಟ್ಟ ಭಾಗವನ್ನು ತಣ್ಣನೆಯ ಸಿಹಿನೀರಿನಿಂದ ತೊಳೆದು, ಒದ್ದೆಬಟ್ಟೆಯನ್ನು ಹಾಕಬೇಕು. ಧಾರಾಳವಾಗಿ ನೀರು ಕುಡಿಯಬೇಕು. ಗುಳ್ಳೆ ಎದ್ದಿದ್ದರೆ ಒಡೆಯಬಾರದು. ಜ್ವರ, ವಾಂತಿ, ತಲೆಸುತ್ತು ಇದ್ದರೆ ವೈದ್ಯರಲ್ಲಿಗೆ ಹೋಗಬೇಕು. ಕೆಲವು ಔಷಧಿಗಳು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಮೃದುವಾಗಿಸುತ್ತವೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅಂಥವುಗಳಲ್ಲೊಂದು. ಅದನ್ನು ಸೇವಿಸುವವರು ವೈದ್ಯರ ಸಲಹೆಯಂತೆ ಬಿಸಿಲಿನಿಂದ ದೂರವಿರಬೇಕೇ ಹೊರತು ತಾವಾಗಿಯೇ ಔಷಧವನ್ನು ಬಿಡಬಾರದು. ಮುಖ, ತುಟಿ, ಕಿವಿ, ಕೈಗಳ ಮೇಲೆ ವಾರಗಳು ಕಳೆದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಗಂಟು, ಆಕಾರ ಬದಲಿಸುವ ಮಚ್ಚೆ ಕಂಡರೆ ತಡಮಾಡದೆ ತೋರಿಸಬೇಕು. ಮೊದಲಲ್ಲಿಯೇ ಗುರುತಿಸಿದರೆ ಚರ್ಮದ ಕ್ಯಾನ್ಸರನ್ನು ಬಹುಮಟ್ಟಿಗೆ ಗುಣಪಡಿಸಬಹುದು.

ಒಂದು ಜನಾಂಗದ ಅಭ್ಯಾಸವನ್ನು ಬದಲಿಸುವುದು ಅಸಾಧ್ಯವೇನಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನದಲ್ಲಿ 1981 ರಲ್ಲಿ ಒಂದು ಪ್ರಚಾರ ಆರಂಭವಾಯಿತು. ಅಂಗಿ ತೊಡಿರಿ, ಲೇಪ ಹಚ್ಚಿರಿ, ಟೋಪಿ ಧರಿಸಿರಿ ಎಂಬ ಮೂರೇ ಸೂಚನೆಗಳನ್ನು ಅದು ಹಾಡಿನ ಮೂಲಕ ಮನೆಮನೆಗೆ ಮುಟ್ಟಿಸಿತು. ಮಕ್ಕಳು ಅದನ್ನು ಕಲಿತು ಹಿರಿಯರಿಗೆ ನೆನಪಿಸಿದರು. ಬಾಲ್ಯದಲ್ಲಿ ಬಿದ್ದ ಬಿಸಿಲಿನ ಲೆಕ್ಕವೂ ಮುಪ್ಪಿನವರೆಗೆ ಉಳಿಯುವುದರಿಂದ, ಈ ಪಾಠ ಎಳವೆಯಲ್ಲಿಯೇ ಆಗಬೇಕಾದುದು.

ಬಿಸಿಲು ಶತ್ರುವಲ್ಲ. ಮೂಳೆಗಳಿಗೆ ಬೇಕಾದ ಡಿ ಜೀವಸತ್ವವು ಚರ್ಮದಲ್ಲಿ ಉಂಟಾಗುವುದು ಬಿ ಕಿರಣಗಳಿಂದಲೇ. ಹರವಿದ ಮೀನನ್ನು ಒಣಗಿಸುವುದೂ ಬಿಸಿಲೇ. ಕಡಲನ್ನು ನಂಬಿ ಬಾಳುವವರು ಕಡಲಿಗೆ ಹೆದರಿ ಮನೆಯಲ್ಲಿ ಕುಳಿತವರಲ್ಲ; ಅದರ ಸ್ವಭಾವವನ್ನು ಅರಿತು ಅದರ ಮೇಲೆ ಸಾಗಿದವರು. ಬಿಸಿಲಿನ ವಿಷಯದಲ್ಲಿಯೂ ಅದೇ ಅರಿವು ಬೇಕು. ಮರುವಾರ ಹೆಗಲಿನ ಗಾಯ ಮಾಗಿ ದೋಣಿಯೇರಿದ ಹುಡುಗನು ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿರುತ್ತಾನೆ. ಗಾಳಿ ಅಂದಿನಂತೆಯೇ ತಂಪಾಗಿ ಬೀಸುತ್ತಿರುತ್ತದೆ. ಹಿರಿಯರು ಅವನನ್ನು ನೋಡಿ ಏನನ್ನೂ ಹೇಳದೆ ಚುಕ್ಕಾಣಿಯನ್ನು ತಿರುಗಿಸುತ್ತಾರೆ.

ಅಭ್ಯಾಸ

1. ಕಡಲ ಗಾಳಿ ತಂಪಾಗಿದ್ದರೂ ಹುಡುಗನ ಬೆನ್ನು ಸುಟ್ಟುದಕ್ಕೆ ಕಾರಣವೇನು?
2. ಮೆಲನಿನ್ ಚರ್ಮವನ್ನು ಹೇಗೆ ಕಾಪಾಡುತ್ತದೆ?
3. ಚೆಸಪೀಕ್ ಕೊಲ್ಲಿಯ ದುಡಿಮೆಗಾರರ ಪರೀಕ್ಷೆಯಿಂದ ಏನು ತಿಳಿದುಬಂದಿತು?
4. ‘ಬಿಸಿಲುತಡೆ ಲೇಪಕ್ಕಿಂತ ಬಟ್ಟೆಗೆ ಮೊದಲ ಸ್ಥಾನ.’ ಈ ಮಾತನ್ನು ಸಮರ್ಥಿಸಿರಿ.
5. ಶಾಲೆಯ ಅಂಗಳದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಮ್ಮ ನೆರಳಿನ ಉದ್ದವನ್ನು ಅಳೆದು, ಯಾವ ಹೊತ್ತಿನ ಬಿಸಿಲು ತೀಕ್ಷ್ಣವೆಂಬುದನ್ನು ಬರೆಯಿರಿ.